ಬೂದುಬಣ್ಣಕ್ಕೆ ತಿರುಗಿದ ಬಂಡಿಮರ

ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ ಬಿಡದಿಯ ಕಡೆ ಹೊರಟವರಿಗೆ ಹೋಟೆಲುಗಳ ಅಂಗಳದಲ್ಲೋ ತೋಟದ ಮನೆಗಳ ಗೇಟಿನ ಬಳಿಯಲ್ಲೋ ಗೋಡೆಗೆ ಒರಗಿಸಿ ನಿಲ್ಲಿಸಿದ ಹಳೆಯ ಬಂಡಿಗಾಲಿಗಳು ಕಾಣಸಿಗುತ್ತವೆ. ರಾಜಾಜಿನಗರ, ಬಸವೇಶ್ವರನಗರಗಳ ಕೆಲವು ಮನೆಗಳಲ್ಲೂ ಅಜ್ಜನ ಕಾಲದ ನೊಗವೊಂದು ಪಡಸಾಲೆಯ ಗೋಡೆಯೇರಿರುತ್ತದೆ. ಗಾಲಿಯೊಂದು ಗಾಜಿನ ಹಲಗೆ ಹೊತ್ತು ಮೇಜಾಗಿರುತ್ತದೆ. ಊರಿನ ಹಿತ್ತಲಿನಲ್ಲಿ ಮೂವತ್ತು ನಲವತ್ತು ವರ್ಷ ಬಿಸಿಲು ಮಳೆಗೆ ಬಿದ್ದಿದ್ದ ಮರ ಅದು. ತಂದಾಗ ಅದರ ಬಣ್ಣ ಬೂದು. ಮೈಯೆಲ್ಲ ಉದ್ದುದ್ದ ಸೀಳು. ಕೈಯಾಡಿಸಿದರೆ ಸಿಬಿರು ಚುಚ್ಚುತ್ತದೆ.

ತಂದವರು ಮೊದಲು ಮಾಡುವ ಕೆಲಸ ಬಡಗಿಯನ್ನು ಕರೆಸಿ ಯಂತ್ರ ಹಿಡಿಸಿ ಉಜ್ಜಿಸುವುದು. ಅರ್ಧ ದಿನದಲ್ಲಿ ಬೂದು ಮಾಯವಾಗಿ ಒಳಗಿನ ಕೆಂಪೋ ಹೊನ್ನಿನ ಬಣ್ಣವೋ ಮೇಲೆ ಬರುತ್ತದೆ. ಅದರ ಮೇಲೆ ಎರಡು ಕೋಟು ವಾರ್ನಿಷ್. ಗೃಹಪ್ರವೇಶಕ್ಕೆ ಬಂದವರೆಲ್ಲ ಮೆಚ್ಚುತ್ತಾರೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಗಳದಲ್ಲಿಟ್ಟ ಗಾಲಿಯ ವಾರ್ನಿಷ್ ಹೊಪ್ಪಳೆಯೆದ್ದು ಉದುರತೊಡಗುತ್ತದೆ. ಅದರ ಕೆಳಗಿನ ಮರ ಮತ್ತೆ ಬೂದು, ಜೊತೆಗೆ ಅಲ್ಲಲ್ಲಿ ಕಪ್ಪು ಮಚ್ಚೆ. ಮತ್ತೆ ಉಜ್ಜುವುದು, ಮತ್ತೆ ಬಳಿಯುವುದು. ಹೀಗೆ ಮೂರು ನಾಲ್ಕು ಸಲವಾದರೆ ಬಡಗಿಯ ಬಾಚಿಯ ಗುರುತು, ಹಳೆಯ ಬಣ್ಣದ ತುಣುಕು, ಅಂಚಿನ ಕೆತ್ತನೆ ಎಲ್ಲ ಪುಡಿಯಾಗಿ ಹಾರಿಹೋಗಿರುತ್ತವೆ. ಅಲಂಕಾರದ ಗಾಲಿಗೆ ಆಗುವ ನಷ್ಟ ಇಷ್ಟು. ಹಳೆಯ ಜಟಕಾ ಒಂದನ್ನು ದುರಸ್ತಿ ಮಾಡಿ ಮತ್ತೆ ಕುದುರೆ ಹೂಡುವ ಯೋಚನೆ ಇದ್ದರಂತೂ ಹೊಳಪಿನ ಕೆಳಗೆ ಮುಚ್ಚಿಹೋದ ದೋಷ ಜೀವಕ್ಕೇ ಎರವಾದೀತು.

ಆದ್ದರಿಂದ ಬಂಡಿಮರದ ಈ ಬೂದುಬಣ್ಣ ಏನು, ಯಾವಾಗ ಅದನ್ನು ತೆಗೆಯಬೇಕು, ಯಾವಾಗ ಬಿಡಬೇಕು ಎಂಬುದು ಬರೀ ಅಂದಚೆಂದದ ಪ್ರಶ್ನೆಯಲ್ಲ.

ಸುಂಕದಕಟ್ಟೆಯ ನೆನಪು

ಬೆಂಗಳೂರಿನ ಪಶ್ಚಿಮ ಭಾಗ ಇಂದು ಸಾಲು ಮನೆಗಳ ಬಡಾವಣೆ. ಆದರೆ ಈ ಬಡಾವಣೆಗಳ ಅಡಿಯಲ್ಲಿ ಇರುವುದು ಹೊಲಗದ್ದೆಯ ಹಳ್ಳಿಗಳು. ರಾಜಾಜಿನಗರದೊಳಗೆ ಕೇತಮಾರನಹಳ್ಳಿ, ಬಸವೇಶ್ವರನಗರದ ಮಗ್ಗುಲಲ್ಲಿ ಸಾಣೆಗುರುವನಹಳ್ಳಿ, ವಿಜಯನಗರದ ಬಳಿ ಹೊಸಹಳ್ಳಿ ಇಂದಿಗೂ ತಮ್ಮ ಹೆಸರು ಉಳಿಸಿಕೊಂಡಿವೆ. ರಾಜಾಜಿನಗರ ಬಡಾವಣೆ ರೂಪುಗೊಳ್ಳತೊಡಗಿದ್ದೇ 1949ರಲ್ಲಿ. ಅದಕ್ಕೆ ಮೊದಲು ಮಾಗಡಿ ರಸ್ತೆ, ಮೈಸೂರು ರಸ್ತೆಗಳು ಪೇಟೆಗೆ ಸೊಪ್ಪು, ರಾಗಿ, ಸೌದೆ, ಹುಲ್ಲು ಹೊತ್ತು ಬರುವ ಗಾಡಿಗಳ ದಾರಿ. ಮಾಗಡಿ ರಸ್ತೆಯ ಸುಂಕದಕಟ್ಟೆಯ ಹೆಸರಿನಲ್ಲೇ ಸುಂಕವಿದೆ. ಅದೇ ರಸ್ತೆಯ ಟೋಲ್‌ಗೇಟ್‌ನಲ್ಲಿ ಗೇಟು ಇಲ್ಲದಿದ್ದರೂ ಬಸ್ ನಿಲ್ದಾಣದ ಹೆಸರಾಗಿ ಅದು ಉಳಿದಿದೆ. ಮೈಸೂರು ರಸ್ತೆಯ ಬದಿಯ ಟಿಂಬರ್ ಯಾರ್ಡ್ ಬಡಾವಣೆಯ ಹೆಸರೂ ಮರದ ದಿಮ್ಮಿಗಳ ಕಾಲವನ್ನು ಹೇಳುತ್ತದೆ.

ಎತ್ತಿನ ಗಾಡಿ ಸರಕಿಗಾದರೆ ಜಟಕಾ ಜನರಿಗೆ. ಝಟಕಾ ಎಂದರೆ ಹಿಂದೂಸ್ತಾನಿಯಲ್ಲಿ ಹಠಾತ್ತನೆ ಎಳೆಯುವುದು, ಕುಲುಕು. ಹತ್ತಿದವರ ಸೊಂಟಕ್ಕೆ ಹೆಸರಿನ ಅರ್ಥ ಬೇಗನೆ ತಿಳಿಯುತ್ತಿತ್ತು. ಎರಡೇ ಗಾಲಿ, ಕಮಾನಿನಂಥ ಮಾಡು, ಹಿಂದಿನಿಂದ ಹತ್ತುವ ಮೆಟ್ಟಿಲು, ಕೂರಲು ಹುಲ್ಲಿನ ಮೇಲೆ ಹಾಸಿದ ಗೋಣಿಯೋ ಜಮಖಾನೆಯೋ. ಆ ಹುಲ್ಲೇ ಕುದುರೆಗೆ ಮಧ್ಯಾಹ್ನದ ಊಟ. ಭಾರ ಹಿಂದೆ ಹೆಚ್ಚಾದರೆ ಗಾಡಿ ಮೇಲಕ್ಕೆ ಎದ್ದೀತು, ಮುಂದೆ ಹೆಚ್ಚಾದರೆ ಕುದುರೆಯ ಬೆನ್ನಿಗೆ ಪೆಟ್ಟು. ಆದ್ದರಿಂದ ಮುಂದೆ ಬನ್ನಿ, ಹಿಂದೆ ಸರಿಯಿರಿ ಎಂದು ಜಟಕಾ ಸಾಬಿ ಪ್ರಯಾಣಿಕರನ್ನು ತಕ್ಕಡಿಯ ಕಲ್ಲಿನಂತೆ ಸರಿಹೊಂದಿಸುತ್ತಿದ್ದ.

1864ರಲ್ಲಿ ಬೆಂಗಳೂರು ದಂಡಿಗೆ ರೈಲು ಬಂತು. 1880ರ ದಶಕದ ಆರಂಭದಲ್ಲಿ ಮೈಸೂರಿನ ಹಳಿ ಕೆಂಗೇರಿಯ ಮೂಲಕ ಹಾದುಹೋಯಿತು. ರೈಲು ಜಟಕಾವನ್ನು ಕೊಲ್ಲಲಿಲ್ಲ, ಬೆಳೆಸಿತು. ಸ್ಟೇಷನ್ನಿನಲ್ಲಿ ಇಳಿದವರನ್ನು ಮನೆ ಸೇರಿಸುವವರು ಬೇಕಿತ್ತಲ್ಲ. ಅದರ ಅನ್ನಕ್ಕೆ ಕೈಹಾಕಿದ್ದು ಮೋಟಾರು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯ ಬಸ್ಸುಗಳು ಓಡತೊಡಗಿದವು. ಆಮೇಲೆ ಆಟೋರಿಕ್ಷಾ ಬಂತು. ಡಿ.ವಿ.ಜಿ. ಅವರ ಮಂಕುತಿಮ್ಮನ ಕಗ್ಗ 1943ರಲ್ಲಿ ಪ್ರಕಟವಾದಾಗ ಬದುಕನ್ನು ಜಟಕಾ ಬಂಡಿಗೆ ಹೋಲಿಸಿದ ಮಾತು ಓದುಗರಿಗೆ ದಿನನಿತ್ಯ ಕಾಣುವ ಗಾಡಿಯಾಗಿತ್ತು. 2021ರ ಆಗಸ್ಟ್‌ನಲ್ಲಿ ಮೆಟ್ರೋ ರೈಲು ಕೆಂಗೇರಿ ತಲುಪುವ ಹೊತ್ತಿಗೆ ಆ ಮಾತು ಗೊತ್ತಿದ್ದವರಲ್ಲಿ ಜಟಕಾ ಹತ್ತಿದವರು ವಿರಳ. ಮದುವೆ ಮೆರವಣಿಗೆಯ ಸಾರೋಟು, ಮೈಸೂರಿನಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುವ ಟಾಂಗಾ ಬಿಟ್ಟರೆ ಮಿಕ್ಕದ್ದು ಹಿತ್ತಲಿಗೆ, ಗುಜರಿಗೆ, ಇಲ್ಲವೇ ಒಲೆಗೆ ಸೇರಿತು.

ಒಂದು ಗಾಲಿ, ಹಲವು ಮರ

ಹಳೆಯ ಬಂಡಿಯನ್ನು ಒಂದೇ ಮರದಿಂದ ಮಾಡಿದ್ದೆಂದು ತಿಳಿಯುವುದು ತಪ್ಪು. ಪ್ರತಿಯೊಂದು ಭಾಗಕ್ಕೂ ಅದರ ಕೆಲಸಕ್ಕೆ ತಕ್ಕ ಮರವನ್ನು ಬಡಗಿ ಆರಿಸುತ್ತಿದ್ದ. ನಡುವಿನ ಗುಂಬಕ್ಕೆ ಸುತ್ತಲೂ ತೂತು ಕೊರೆದರೂ ಸೀಳದಂಥ ಗಟ್ಟಿಮರ ಬೇಕು. ನಮ್ಮ ಬಯಲುಸೀಮೆಯಲ್ಲಿ ಇದಕ್ಕೆ ಕರಿಜಾಲಿ ಹೆಸರಾದದ್ದು. ಗುಂಬದಿಂದ ಹೊರಡುವ ಅರೆಕಾಲುಗಳು ಉದ್ದನೆಯ ಒತ್ತಡ ತಾಳಬೇಕು. ಹೊರಸುತ್ತು ಒಂದೇ ಬಳೆಯಲ್ಲ, ಬಾಗಿದ ತುಂಡುಗಳ ಜೋಡಣೆ. ಒಂದೊಂದು ತುಂಡಿಗೆ ಎರಡೆರಡು ಅರೆಕಾಲು ಎಂಬ ಲೆಕ್ಕದಲ್ಲಿ ಹನ್ನೆರಡು ಅರೆಕಾಲಿನ ಗಾಲಿಗೆ ಆರು ತುಂಡು. ಅಚ್ಚಿಗೆ, ಮೂಕಿಗೆ ದಿಂಡಿಗ. ಕುದುರೆಯ ಎರಡು ಪಕ್ಕಕ್ಕೆ ಚಾಚುವ ಉದ್ದದ ಮೂಕಿಮರಗಳಿಗೆ ಬಳುಕಿದರೂ ಮುರಿಯದ ತಡಸಲು ಮರ ಒಪ್ಪುತ್ತಿತ್ತು. ಮೇಲಿನ ಚೌಕಟ್ಟಿಗೆ ತೇಗ, ಹೊನ್ನೆ, ಮತ್ತಿ. ಅನುಕೂಲಸ್ಥರ ಗಾಡಿಗೆ ಬೀಟೆ.

ಇಷ್ಟನ್ನೂ ಬಿಗಿದು ಹಿಡಿಯುವುದು ಕಬ್ಬಿಣದ ಹಳಿ. ಅದನ್ನು ಗಾಲಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾಗಿಯೇ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ತಕ್ಷಣ ನೀರು ಸುರಿಯುತ್ತಾರೆ. ನಾಲ್ಕಡಿ ಅಡ್ಡಳತೆಯ ಗಾಲಿಯ ಹಳಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಅದರ ಉದ್ದ ಹೆಚ್ಚುಕಡಿಮೆ ಒಂದು ಅಂಗುಲ ಬೆಳೆಯುತ್ತದೆ. ತಣಿಯುವಾಗ ಆ ಒಂದು ಅಂಗುಲ ಮರಳಿ ಕುಗ್ಗಬೇಕು. ಆ ಕುಗ್ಗುವಿಕೆಯ ಬಲಕ್ಕೆ ಹೊರಸುತ್ತಿನ ತುಂಡುಗಳು ಕಚ್ಚಿಕೊಂಡು, ಅರೆಕಾಲುಗಳು ಗುಂಬದೊಳಗೆ ನಾಟಿಕೊಂಡು, ಮೊಳೆ ಅಂಟು ಯಾವುದೂ ಇಲ್ಲದೆ ಗಾಲಿ ಒಂದಾಗುತ್ತದೆ. ಬಡಗಿ ಮತ್ತು ಕಮ್ಮಾರ ಕೂಡಿ ಮಾಡುವ ಕೆಲಸ ಇದು.

ಹಳೆಯ ತುಂಡು ಯಾವ ಮರದ್ದೆಂದು ಬೂದು ಮೈ ನೋಡಿ ಹೇಳುವುದು ಕಷ್ಟ. ಬಿಸಿಲಿಗೆ ತೇಗವೂ ಜಾಲಿಯೂ ಒಂದೇ ಬಣ್ಣವಾಗುತ್ತವೆ. ಕಾಣದ ಮೂಲೆಯಲ್ಲಿ ಹರಿತವಾದ ಚಾಕುವಿನಿಂದ ಅಡ್ಡಲಾಗಿ ಸ್ವಲ್ಪ ಸವರಿ, ಭೂತಗನ್ನಡಿಯಲ್ಲಿ ರಂಧ್ರಗಳ ಜೋಡಣೆ ನೋಡಿದರೆ ಬಲ್ಲವರು ಗುರುತಿಸುತ್ತಾರೆ. ರಾಜಾಜಿನಗರಕ್ಕೆ ನೆರೆಯ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಮರವನ್ನೇ ಅಭ್ಯಾಸ ಮಾಡುವ ಸಂಸ್ಥೆಯೊಂದಿದೆ. ಮೈಸೂರು ಸಂಸ್ಥಾನ 1938ರಲ್ಲಿ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಇಂದಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಮರದ ಜಾತಿ ಗುರುತಿಸುವ ವಿದ್ಯೆಗೆ ಅದು ಹೆಸರಾಗಿದೆ.

ಬೂದು ಬರುವ ಬಗೆ

ಮರದಲ್ಲಿ ಮುಖ್ಯವಾಗಿ ಎರಡು ಪದಾರ್ಥಗಳಿವೆ ಎನ್ನಬಹುದು. ಒಂದು ಸೆಲ್ಯುಲೋಸ್, ಅಂದರೆ ನಾರು. ಇನ್ನೊಂದು ಲಿಗ್ನಿನ್, ಆ ನಾರುಗಳನ್ನು ಹಿಡಿದಿಡುವ ಗಾರೆ. ಮರದ ತೂಕದಲ್ಲಿ ನಾಲ್ಕನೇ ಒಂದು ಪಾಲಿನಷ್ಟು ಈ ಗಾರೆಯೇ. ಬಿಸಿಲಿನ ಅತಿನೇರಳೆ ಕಿರಣಗಳು ನಾರನ್ನು ಅಷ್ಟಾಗಿ ಕಾಡುವುದಿಲ್ಲ; ಗಾರೆಯನ್ನು ಒಡೆಯುತ್ತವೆ. ಒಡೆದ ಲಿಗ್ನಿನ್ ನೀರಿನಲ್ಲಿ ಕರಗುವಂಥದ್ದು. ಹೊಸ ಮರ ಮೊದಲು ಕಂದಾಗುವುದು ಇದೇ ಕಾರಣಕ್ಕೆ. ಮಳೆ ಬಂದಾಗ ಆ ಕಂದು ತೊಳೆದುಹೋಗಿ ಬೆಳ್ಳನೆಯ ನಾರು ಸಡಿಲವಾಗಿ ಮೇಲುಳಿಯುತ್ತದೆ. ಆ ನಾರಿನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಬೂಷ್ಟು ಬೆಳೆಯುತ್ತದೆ. ಬಿಳಿ ನಾರು, ಕರಿ ಬೂಷ್ಟು, ಸ್ವಲ್ಪ ದೂಳು ಕೂಡಿದರೆ ಬೂದುಬಣ್ಣ.

ಗಮನಿಸಬೇಕಾದದ್ದು ಇದರ ಆಳ. ಅತಿನೇರಳೆ ಕಿರಣ ಮರದೊಳಕ್ಕೆ ಇಳಿಯುವುದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ, ತಲೆಗೂದಲಿನ ದಪ್ಪದಷ್ಟು. ಮೇಲಿನ ಬೂದು ಪದರವೇ ಕೆಳಗಿನ ಮರಕ್ಕೆ ನೆರಳು. ಗಾಳಿ ಮಳೆಗೆ ಆ ಪದರ ಸವೆದಂತೆ ಕೆಳಗಿನದು ಹೊಸದಾಗಿ ಬೂದಾಗುತ್ತದೆ. ಹೀಗೆ ಸವೆಯುವ ವೇಗ ಬಹಳ ನಿಧಾನ. ತಣ್ಣನೆಯ ದೇಶಗಳಲ್ಲಿ ನಡೆದ ಅಳತೆಗಳ ಪ್ರಕಾರ ಮೆದುಮರ ನೂರು ವರ್ಷಕ್ಕೆ ಸುಮಾರು ಆರು ಮಿಲಿಮೀಟರ್ ಸವೆಯುತ್ತದೆ, ಗಟ್ಟಿಮರ ಅದಕ್ಕಿಂತ ಕಡಿಮೆ. ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯಲ್ಲಿ ಮತ್ತು ಆಗಸ್ಟ್ ನಡುವಿನಲ್ಲಿ, ನೆತ್ತಿಯ ಮೇಲೆ ಬರುತ್ತಾನೆ. ಮಳೆಯೂ ಮುಂಗಾರು ಹಿಂಗಾರು ಎರಡರಲ್ಲೂ ಸುರಿಯುತ್ತದೆ. ಆದ್ದರಿಂದ ಇಲ್ಲಿ ಮರದ ಮೇಲಿನ ಹೊಡೆತ ಹೆಚ್ಚು. ಆದರೂ ಬೂದು ಎಂಬುದು ಮರದ ಚರ್ಮದ ಮಾತು, ಮೂಳೆಯದಲ್ಲ.

ಯಂತ್ರದ ಉಜ್ಜುಕಲ್ಲು ಒಂದೇ ಸಲಕ್ಕೆ ಅರ್ಧ ಮಿಲಿಮೀಟರ್, ಒಂದು ಮಿಲಿಮೀಟರ್ ಮರ ತೆಗೆಯಬಲ್ಲದು. ಬಿಸಿಲು ಮಳೆ ಹತ್ತಾರು ವರ್ಷದಲ್ಲಿ ತೆಗೆದದ್ದನ್ನು ಯಂತ್ರ ಅರ್ಧ ದಿನದಲ್ಲಿ ತೆಗೆಯುತ್ತದೆ. ಹಳೆಯ ಬಂಡಿಮರಕ್ಕೆ ಬೂದಿಗಿಂತ ಬೂದು ತೆಗೆಯುವ ಆತುರವೇ ಹೆಚ್ಚು ಕೆಡುಕು ಮಾಡಿದೆ ಎಂಬ ಮಾತಿಗೆ ಇದೇ ಆಧಾರ.

ಕೊಳೆತ ಬೇರೆ, ಕಲೆ ಬೇರೆ

ಬೂದು ನಿರಪಾಯವಾದರೂ ಅದರ ಮರೆಯಲ್ಲಿ ಬೇರೆ ರೋಗಗಳಿರಬಹುದು. ಮೊದಲನೆಯದು ಕೊಳೆತ. ಮರದ ತೇವ ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಗೋಡೆಗೆ ಒರಗಿಸಿಟ್ಟ ಗಾಲಿಯಲ್ಲಿ ಮಣ್ಣಿಗೆ ತಾಗಿದ ಭಾಗ, ನೀರು ನಿಲ್ಲುವ ಗುಂಬದ ತೂತುಗಳು, ಕಬ್ಬಿಣದ ಪಟ್ಟಿಯ ಅಡಿ, ಕೀಲುಗಳ ಸಂದು ಇವು ತೇವ ಹಿಡಿಯುವ ಜಾಗಗಳು. ದಬ್ಬಳ ಚುಚ್ಚಿ ನೋಡುವುದು ಹಳೆಯ ಪರೀಕ್ಷೆ. ಗಟ್ಟಿಮರ ದಬ್ಬಳವನ್ನು ತಡೆಯುತ್ತದೆ. ಕೊಳೆತದ್ದು ಬಿಸ್ಕತ್ತಿನಂತೆ ಒಳಗೆ ಬಿಡುತ್ತದೆ. ಸಿಬಿರನ್ನು ಎತ್ತಿ ಮುರಿದರೆ ಗಟ್ಟಿಮರ ಉದ್ದನೆಯ ನಾರಾಗಿ ಸೀಳುತ್ತದೆ, ಕೊಳೆತದ್ದು ಮೊಟಕಾಗಿ ತುಂಡಾಗುತ್ತದೆ. ಮರದ ಸುತ್ತಿಗೆಯಿಂದ ತಟ್ಟಿದರೆ ಒಂದು ಠಣ್ಣೆನ್ನುತ್ತದೆ, ಇನ್ನೊಂದು ಬೊದ್ದಾಗಿ ಸದ್ದು ಮಾಡುತ್ತದೆ. ಸಣ್ಣ ದುಂಡು ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕುಟ್ಟೆ ಹುಳು. ಮಣ್ಣಿನ ಗೆರೆ ಇದ್ದರೆ ಗೆದ್ದಲು.

ಎರಡನೆಯದು ಕಪ್ಪು ಕಲೆ. ಬೋಲ್ಟು, ಮೊಳೆ, ಪಟ್ಟಿಯ ಸುತ್ತ ಕಾಣುವ ನೀಲಿ ಮಿಶ್ರಿತ ಕಪ್ಪನ್ನು ನೋಡಿ ಮರ ಸುಟ್ಟಿದೆ ಎಂದೋ ಕೊಳೆತಿದೆ ಎಂದೋ ಹೆದರುವವರಿದ್ದಾರೆ. ಅದು ಹಾಗಲ್ಲ. ಜಾಲಿ, ಮತ್ತಿಯಂಥ ಮರಗಳಲ್ಲಿ ಒಗರಿನ ಅಂಶ ಹೆಚ್ಚು. ಅದು ತೇವದಲ್ಲಿ ಕಬ್ಬಿಣದೊಡನೆ ಕೂಡಿದರೆ ಕಪ್ಪಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದ ನಮ್ಮ ಹಿರಿಯರ ವಿದ್ಯೆಯೇ ಇಲ್ಲಿ ತಾನಾಗಿ ನಡೆದಿರುತ್ತದೆ. ಬಂಡಿ ತನ್ನ ಮೈಮೇಲೆ ತಾನೇ ಶಾಯಿ ಚೆಲ್ಲಿಕೊಂಡಿರುತ್ತದೆ, ಅಷ್ಟೆ.

ನೋಡಿ, ಆಮೇಲೆ ತೊಳೆದು

ಮರಳಿ ಸರಿಪಡಿಸುವ ಕೆಲಸ ಕಣ್ಣಿನಿಂದ ಶುರುವಾಗಬೇಕು. ಬಿಚ್ಚುವ ಮೊದಲು ಎಲ್ಲ ಕಡೆಯಿಂದಲೂ ಚಿತ್ರ ತೆಗೆದು, ಪ್ರತಿ ತುಂಡಿಗೂ ಚೀಟಿ ಕಟ್ಟುವುದು ಕ್ರಮ. ಒಂದೇ ಗಾಲಿಯ ಅರೆಕಾಲುಗಳು ಒಂದೇ ಅಳತೆಯವಾಗಿ ಕಂಡರೂ ಅವನ್ನು ಅವುಗಳ ತೂತಿಗೇ ಕೂರುವಂತೆ ಕೈಯಿಂದ ಕೆತ್ತಿರುತ್ತಾರೆ. ಅದಲುಬದಲಾದರೆ ಮತ್ತೆ ಬಿಗಿಯಾಗಿ ಕೂರುವುದಿಲ್ಲ. ಪಟ್ಟಿಯ ಅಡಿ, ಕೂರುವ ಹಲಗೆಯ ತಳ, ಮಾಡಿನ ಒಳಮೈ ಇಲ್ಲೆಲ್ಲ ಬಿಸಿಲು ತಾಗದೆ ಹಳೆಯ ಬಣ್ಣ ಉಳಿದಿರುವ ಸಾಧ್ಯತೆ ಇದೆ. ಗಾಡಿ ಮೊದಲು ಯಾವ ಬಣ್ಣದಲ್ಲಿತ್ತು ಎಂಬುದಕ್ಕೆ ಅದೊಂದೇ ಸಾಕ್ಷಿ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಒಣಗಿದ ಉಜ್ಜುಕಾಗದದಿಂದ ತಿಕ್ಕಿ ದೂಳೆಬ್ಬಿಸಬಾರದು. ಮಕ್ಕಳಿರುವ ಮನೆಯಲ್ಲಿ ಈ ಎಚ್ಚರಿಕೆ ಇನ್ನೂ ಅಗತ್ಯ.

ಮುಂದಿನದು ತೊಳೆಯುವುದು. ಮೊದಲು ಒಣ ಕುಂಚದಿಂದ ದೂಳು ತೆಗೆದು, ಸಾಬೂನಿನ ನೀರಲ್ಲಿ ಅದ್ದಿದ ಮೆದು ಬ್ರಷ್ಷಿನಿಂದ ನಾರಿನ ಉದ್ದಕ್ಕೆ ತಿಕ್ಕಬೇಕು. ಕಾರು ತೊಳೆಯುವ ಪೈಪಿನ ರಭಸದ ನೀರು ಬೇಡ. ಅದು ಸಡಿಲ ನಾರನ್ನು ಉತ್ತಿಹಾಕುತ್ತದೆ. ಬೂದು ಇಷ್ಟಕ್ಕೆ ಅರ್ಧ ಕಡಿಮೆಯಾಗುವುದುಂಟು.

ಇನ್ನೂ ತಿಳಿಯಾಗಬೇಕೆಂದರೆ ಆಕ್ಸಾಲಿಕ್ ಆಮ್ಲ. ಒಂದು ಲೀಟರ್ ಬೆಚ್ಚನೆಯ ನೀರಿಗೆ 50 ಗ್ರಾಂನಷ್ಟು ಹರಳು ಕರಗಿಸಿ, ಪ್ಲಾಸ್ಟಿಕ್ ಬಕೆಟಿನಲ್ಲಿಟ್ಟು, ಕುಂಚದಿಂದ ಇಡೀ ಮೈಗೆ ಒಂದೇ ಸಮನೆ ಸವರುತ್ತಾರೆ. ಕಬ್ಬಿಣದ ಕಪ್ಪು ಕಲೆಯನ್ನು ಅದು ಕಣ್ಣೆದುರಿಗೇ ಕರಗಿಸುತ್ತದೆ. ಬೂದು ಮೈಗೆ ಒಳಗಿನ ಬಣ್ಣ ಮರಳುತ್ತದೆ. ಹತ್ತಿಪ್ಪತ್ತು ನಿಮಿಷದ ಮೇಲೆ ಎರಡು ಮೂರು ಸಲ ಹೊಸ ನೀರಿನಲ್ಲಿ ತೊಳೆಯಬೇಕು. ಇದು ವಿಷ. ಕೈಗೆ ರಬ್ಬರ್ ಚೀಲ, ಕಣ್ಣಿಗೆ ಕನ್ನಡಕ ಇಲ್ಲದೆ ಮುಟ್ಟಬಾರದು. ಒಣಗಿ ಉಳಿದ ಹರಳಿನ ದೂಳು ಮೂಗಿಗೆ ಹೋಗಬಾರದು. ಬೂಷ್ಟು ಕೊಲ್ಲಲು ಬ್ಲೀಚಿಂಗ್ ಪೌಡರ್ ಬಳಸುವವರೂ ಇದ್ದಾರೆ. ಅದು ನಾರನ್ನೇ ತಿನ್ನುತ್ತದೆ. ಅದನ್ನು ಆಮ್ಲದ ಜೊತೆ ಎಂದೂ ಬೆರೆಸಬಾರದು. ಹೊರಡುವ ಕ್ಲೋರಿನ್ ಅನಿಲ ಉಸಿರು ಕಟ್ಟಿಸುತ್ತದೆ.

ತೊಳೆದ ಮರ ನೆರಳಿನಲ್ಲಿ, ಗಾಳಿಯಾಡುವ ಕಡೆ, ಒಂದೆರಡು ವಾರ ಒಣಗಲಿ. ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ ಒಳಗೆ ತೇವ ಉಳಿದು ಹೊಸ ಸೀಳು ಬಿಡುತ್ತದೆ. ಒಣಗಿದ ಮೇಲೆ ಎದ್ದು ನಿಂತ ನವಿರು ನಾರನ್ನು ಮಾತ್ರ ನಯವಾದ ಉಜ್ಜುಕಾಗದದಿಂದ ಕೈಯಲ್ಲೇ ತೆಗೆದರಾಯಿತು. ಬಾಚಿಯ ಗುರುತು ಉಳಿಯಬೇಕು. ಸೀಳುಗಳಿಗೆ ಗಟ್ಟಿಯಾದ ಮೇಣ, ಸಿಮೆಂಟಿನಂಥ ಪುಟ್ಟಿ ತುಂಬುವುದು ವ್ಯರ್ಥ. ಮಳೆಗಾಲದಲ್ಲಿ ಮರ ಹಿಗ್ಗಿ ಅದನ್ನು ಹೊರಕ್ಕೆ ದೂಡುತ್ತದೆ, ಇಲ್ಲವೇ ಸೀಳು ಇನ್ನಷ್ಟು ಬಿಡುತ್ತದೆ. ಸಣ್ಣ ಸೀಳು ಹಾಗೇ ಇದ್ದರೆ ತೊಂದರೆಯಿಲ್ಲ. ದೊಡ್ಡದಕ್ಕೆ ಅದೇ ಜಾತಿಯ ಮರದ ಚಕ್ಕೆಯನ್ನು ನಾರು ಹೊಂದಿಸಿ ಕೂರಿಸುವುದು ಬಡಗಿಯ ಕೆಲಸ.

ಎಣ್ಣೆ, ಅರಗು, ಕೆಮ್ಮಣ್ಣು

ಬಂಡಿಗೂ ಎಣ್ಣೆಗೂ ಹಳೆಯ ನಂಟು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಬೆರೆಸಿದ ಕೀಲೆಣ್ಣೆಯನ್ನು ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಅಡಿಯಲ್ಲಿ ನೇತುಹಾಕಿಕೊಂಡೇ ಹೋಗುತ್ತಿದ್ದರು. ಆದರೆ ಅಚ್ಚಿಗೆ ಹಾಕುವ ಎಣ್ಣೆ ಬೇರೆ, ಮೈಗೆ ಹಚ್ಚುವ ಎಣ್ಣೆ ಬೇರೆ. ಹರಳೆಣ್ಣೆ, ಹೊಂಗೆಯೆಣ್ಣೆ ಗಾಳಿಗೆ ಗಟ್ಟಿಯಾಗುವುದಿಲ್ಲ; ಮರದ ಮೇಲೆ ಜಿಡ್ಡಾಗಿ ಉಳಿದು ದೂಳು ಹಿಡಿಯುತ್ತವೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಮೊದಲ ಸಲ ಸಮಪಾಲು ಟರ್ಪೆಂಟೈನ್ ಸೇರಿಸಿ ತೆಳ್ಳಗೆ ಹಚ್ಚಿ, ಕಾಲು ಗಂಟೆಯ ಮೇಲೆ ಮರ ಹೀರದೆ ಉಳಿದದ್ದನ್ನು ಒರೆಸಬೇಕು. ಹೀಗೆ ಮೂರು ನಾಲ್ಕು ತೆಳು ಕೈ, ನಡುವೆ ದಿನಗಳ ಬಿಡುವು. ಒಂದೇ ದಪ್ಪ ಕೈ ಅಂಟಂಟಾಗಿಯೇ ಉಳಿದೀತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದು ಅತ್ಯಂತ ಅಪಾಯ. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಒಳಗೇ ಕೂಡಿಕೊಂಡು ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹರಡಿ ಒಣಗಿಸಿಯೇ ಬಿಸಾಡಬೇಕು.

ಮೈಸೂರು ರಸ್ತೆಯಲ್ಲೇ ಸಿಗುವ ಚನ್ನಪಟ್ಟಣದ ಬೊಂಬೆಗಳ ಹೊಳಪು ಅರಗಿನದು. ಅರಗು ನಮ್ಮ ನಾಡಿನ ಹೆಮ್ಮೆಯ ಪದಾರ್ಥ. 1937ರಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಸ್ಥಾಪನೆಯಾಯಿತು. ಆದರೆ ಅರಗಿನ ಹೊಳಪು ಮನೆಯೊಳಗಿನ ವಸ್ತುವಿಗೆ ತಕ್ಕದ್ದು. ನೀರು ಬಿದ್ದರೆ ಬೆಳ್ಳಗಾಗುವ ಅದು ಹೊರಗಿಡುವ ಗಾಲಿಗೆ ಸಲ್ಲದು. ಪಾರದರ್ಶಕ ವಾರ್ನಿಷ್ ನೀರನ್ನು ತಡೆದರೂ ಬೆಳಕನ್ನು ಒಳಗೆ ಬಿಡುತ್ತದೆ. ಅದರ ಕೆಳಗೆ ಲಿಗ್ನಿನ್ ಒಡೆದು, ಮರದ ಮೇಲ್ಪದರವೇ ಕೈಬಿಟ್ಟಾಗ ಹಿಡಿತ ತಪ್ಪಿದ ವಾರ್ನಿಷ್ ಉದುರುತ್ತದೆ. ಅಂಗಳದ ಗಾಲಿಗೆ ಎರಡು ಮಳೆಗಾಲದಲ್ಲಿ ಆಗುವುದು ಇದೇ.

ಬೆಳಕನ್ನು ತಡೆಯುವುದು ಬಣ್ಣ. ಗಾಡಿಗಳಿಗೆ ಕೆಂಪು, ಹಳದಿ, ಹಸುರು ಬಳಿಯುತ್ತಿದ್ದುದನ್ನು ಬರೀ ಸೊಗಸು ಎಂದುಕೊಳ್ಳುವುದುಂಟು. ಅದು ಮರಕ್ಕೆ ಹಿಡಿದ ಕೊಡೆಯೂ ಆಗಿತ್ತು. ಕೆಮ್ಮಣ್ಣಿನ ಕೆಂಪು ಎಂದರೆ ಕಬ್ಬಿಣದ ತುಕ್ಕಿನ ಬಂಧು. ಅತಿನೇರಳೆ ಕಿರಣವನ್ನು ತಡೆಯುವುದರಲ್ಲಿ ಅದು ಗಟ್ಟಿಗ. ಅಗಸೆ ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣು ಇಂದಿಗೂ ಹೊರಗಿಡುವ ಬಂಡಿಮರಕ್ಕೆ ಅಗ್ಗದ, ನಂಬಬಹುದಾದ ರಕ್ಷೆ. ಹಳೆಯ ಗಾಡಿಗೆ ಮರದ ಬಣ್ಣವೇ ಕಾಣಬೇಕೆಂಬುದು ಇಂದಿನ ರುಚಿ. ಮಾಡಿದವನು ಬಹುಮಟ್ಟಿಗೆ ಅದನ್ನು ಬಣ್ಣದಲ್ಲಿ ಮುಚ್ಚಿಯೇ ಬೀದಿಗೆ ಬಿಟ್ಟಿದ್ದ.

ಭಾರ ಹೊರುವ ಪ್ರಶ್ನೆ

ಇಲ್ಲಿಯವರೆಗಿನದು ಮೈಯ ಮಾತು. ಗಾಡಿಗೆ ಮತ್ತೆ ಕುದುರೆ ಹೂಡುವುದಾದರೆ ಲೆಕ್ಕವೇ ಬೇರೆ. ಮರ ಉದ್ದಕ್ಕೆ ಬಹುತೇಕ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ವರ್ಷಗಟ್ಟಲೆ ಒಣಗಿದ ಗಾಲಿಯಲ್ಲಿ ಗುಂಬದ ತೂತುಗಳು ಆಕಾರ ತಪ್ಪಿ, ಅರೆಕಾಲಿನ ಕೀಲು ತೆಳುವಾಗಿ, ಹಳಿ ಸಡಿಲವಾಗಿರುತ್ತದೆ. ಕೈಯಲ್ಲಿ ಹಿಡಿದು ಅಲುಗಿಸಿದರೆ ಕಟಕಟ ಸದ್ದು ಬರುತ್ತದೆ. ಹಿಂದೆ ಬೇಸಿಗೆಯಲ್ಲಿ ಗಾಡಿಯನ್ನು ಕೆರೆಗಿಳಿಸಿ ಗಾಲಿ ನೆನೆಸುತ್ತಿದ್ದುದು ಇದಕ್ಕೇ. ನೆನೆದ ಮರ ಉಬ್ಬಿ ಬಿಗಿಯಾಗುತ್ತದೆ. ಆದರೆ ಅದು ಆ ಹೊತ್ತಿನ ಉಪಾಯ. ಕಬ್ಬಿಣದ ಬಿಗಿತದೊಳಗೆ ಉಬ್ಬಲಾರದೆ ನಾರು ತನ್ನೊಳಗೇ ಜಜ್ಜಿಹೋಗುತ್ತದೆ; ಮತ್ತೆ ಒಣಗಿದಾಗ ಗಾಲಿ ಮೊದಲಿಗಿಂತ ಸಡಿಲ. ಸರಿಯಾದ ಪರಿಹಾರ ಹಳಿ ಬಿಚ್ಚಿ, ಸವೆದ ಅರೆಕಾಲು ಬದಲಿಸಿ, ಹಳಿಯನ್ನು ಕತ್ತರಿಸಿ ಚಿಕ್ಕದು ಮಾಡಿ ಮತ್ತೆ ಕಾಯಿಸಿ ತೊಡಿಸುವುದು. ಅದು ಗೊತ್ತಿರುವ ಕೈಗಳು ಟೈರಿನ ಡನ್‌ಲಪ್ ಗಾಡಿ ಬಂದ ಮೇಲೆ ಹಳ್ಳಿಗಳಲ್ಲೂ ಕಡಿಮೆಯಾಗಿವೆ.

ಇನ್ನೂ ಸೂಕ್ಷ್ಮವಾದದ್ದು ಮೂಕಿಮರ. ಎರಡು ಗಾಲಿಯ ಗಾಡಿಯಲ್ಲಿ ಇಡೀ ಸಮತೋಲ ಅದರ ಮೇಲೆ. ಪಟ್ಟಿ ಬಿಗಿದ ಜಾಗದಲ್ಲಿ ತೇವ ನಿಂತು ಒಳಗೆ ಕೊಳೆತಿದ್ದರೂ ಹೊರಗಿನ ಬೂದು ಒಂದೇ ಸಮನೆ ಕಾಣುತ್ತದೆ. ಓಡುವಾಗ ಮುರಿದರೆ ಸೀಳಿದ ತುದಿ ಕುದುರೆಯ ಪಕ್ಕೆಗೆ ನಾಟುತ್ತದೆ, ಕೂತವರು ರಸ್ತೆಗೆ ಬೀಳುತ್ತಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆ, ಅದರಡಿ 1965ರಲ್ಲಿ ಬಂದ ಭಾರ ಎಳೆಯುವ ಪ್ರಾಣಿಗಳ ನಿಯಮಗಳು ಎಷ್ಟು ಹೊರೆ ಹೇರಬಹುದೆಂದು ಮಿತಿ ಹಾಕಿವೆ. ಗಾಡಿಯ ಮರ ಗಟ್ಟಿಯಿದೆಯೇ ಎಂದು ನೋಡುವ ಹೊಣೆ ಗಾಡಿಯವನದೇ. ಸಂಶಯವಿದ್ದ ಮೂಕಿ, ಅಚ್ಚು, ಅರೆಕಾಲನ್ನು ಅಂಟು ಹಾಕಿ ಉಳಿಸುವ ಮಾತೇ ಇಲ್ಲ. ಹೊಸದು ಹಾಕಿ, ಹಳೆಯದನ್ನು ಗುರುತು ಬರೆದು ಮನೆಯಲ್ಲಿಡುವುದು ಉಚಿತ.

ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು

ಹೀಗಾಗಿ ಕುಂಚ ಹಿಡಿಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಮರ ಮುಂದೆ ಏನು ಮಾಡಲಿದೆ? ಓಡಬೇಕಾದ ಗಾಡಿಗೆ ಬಲ ಮುಖ್ಯ. ಅಲ್ಲಿ ಹೊಸ ಮರ, ಹೊಸ ಬಣ್ಣ ತಪ್ಪಲ್ಲ. ಅಂಗಳದಲ್ಲಿ ನಿಲ್ಲುವ ಗಾಲಿಗೆ ನೀರು ಮತ್ತು ಬಿಸಿಲು ಮುಖ್ಯ. ಅದನ್ನು ಕಲ್ಲಿನ ಮೇಲೆತ್ತಿ ಮಣ್ಣಿನಿಂದ ಬಿಡಿಸಿ, ಸೂರಿನ ಕೆಳಗಿಟ್ಟು, ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮೊದಲು ಎಣ್ಣೆ ಹಚ್ಚಿದರೆ ಸಾಕು. ಒಳಮನೆಯ ಗೋಡೆಗೆ ಏರುವ ನೊಗಕ್ಕೆ ದೂಳು ಒರೆಸುವುದಕ್ಕಿಂತ ಹೆಚ್ಚೇನೂ ಬೇಡ.

ನೆನಪಿಗಾಗಿ ಉಳಿಸುವ ವಸ್ತುವಿನ ದಾರಿ ಬೇರೆ. ಇದೇ ಮೈಸೂರು ರಸ್ತೆಯಲ್ಲಿ, ರಾಮನಗರದ ಬಳಿ, ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ 1994ರಿಂದ ಹಳ್ಳಿಯ ಬದುಕಿನ ಸಾಮಾನುಗಳನ್ನು ಜನರ ಮುಂದಿಟ್ಟಿದೆ. ಬಳಸಿ ಸವೆದದ್ದೇ ಅಂಥ ಸಾಮಾನುಗಳ ಸೊಗಸು. ಸ್ಮಾರಕಗಳ ರಕ್ಷಣೆಗೆಂದು 1964ರಲ್ಲಿ ವೆನಿಸ್ ನಗರದಲ್ಲಿ ಒಪ್ಪಿಕೊಂಡ ಸೂತ್ರಗಳು ಹೇಳುವುದೂ ಇದನ್ನೇ. ಊಹೆ ಶುರುವಾದಲ್ಲಿ ದುರಸ್ತಿ ನಿಲ್ಲಬೇಕು. ಹೊಸದಾಗಿ ಸೇರಿಸಿದ್ದು ಹೊಸದೆಂದು ಗೊತ್ತಾಗಬೇಕು. ಕಲ್ಲಿನ ಗುಡಿಗೆ ಹೇಳಿದ ಈ ಮಾತು ಮರದ ಗಾಲಿಗೂ ಸಲ್ಲುತ್ತದೆ.

ಮೂಕಿಮರದಲ್ಲಿ ಕುದುರೆಯ ಪಕ್ಕೆ ತಾಗಿ ತಾಗಿ ನಯವಾದ ಜಾಗವೊಂದಿರುತ್ತದೆ. ಹತ್ತುವ ಮೆಟ್ಟಿಲಿನ ನಡುವೆ ಸಾವಿರಾರು ಕಾಲುಗಳು ಸವೆಸಿದ ಹಳ್ಳವಿರುತ್ತದೆ. ಲಗಾಮು ಉಜ್ಜಿದ ಗೆರೆ ಇರುತ್ತದೆ. ಆಕ್ಸಾಲಿಕ್ ಆಮ್ಲ ಅವನ್ನು ಮುಟ್ಟುವುದಿಲ್ಲ, ಎಣ್ಣೆ ಅವನ್ನು ಎದ್ದು ಕಾಣಿಸುತ್ತದೆ, ಉಜ್ಜುವ ಯಂತ್ರ ಮಾತ್ರ ಅಳಿಸುತ್ತದೆ. ಬೂದು ಹೋದರೆ ಮತ್ತೆ ಬರುತ್ತದೆ, ಬಿಸಿಲು ಮಳೆ ಎಲ್ಲಿಗೂ ಹೋಗಿಲ್ಲ. ಆ ಮೆಟ್ಟಿಲನ್ನು ಸವೆಸಿದ ಪ್ರಯಾಣಿಕರು ಮಾತ್ರ ಮತ್ತೆ ಬರುವವರಲ್ಲ.